ಕೌದಿಯ ಬಟ್ಟೆಗೆ ಬಣ್ಣ, ಅಚ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಿಳಿ ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣದಿಂದ ನಾನೇ ಕಡುಗೆಂಪು ಹಾಕಿದೆ. ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ಜಾಲಿಸಿ, ಬಣ್ಣ ಗಟ್ಟಿಯಾಗಲೆಂದು ಉಪ್ಪು ಮತ್ತು ವಿನಿಗರ್ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಕೌದಿ ಹೊಲಿದು ಮೊದಲ ಸಲ ಒಗೆದಾಗಲೇ ಪಕ್ಕದ ಬಿಳಿ ತುಂಡುಗಳೆಲ್ಲ ಗುಲಾಬಿಯಾದವು. ಎಲ್ಲಿ ತಪ್ಪಾಯಿತು? ಈಗ ಸರಿಪಡಿಸಬಹುದೇ?

ಉತ್ತರ: ತಿಂಗಳುಗಟ್ಟಲೆ ಕೂತು ಹೊಲಿದದ್ದು ಒಂದೇ ಒಗೆತಕ್ಕೆ ಹೀಗಾದಾಗ ಆಗುವ ಸಂಕಟ ನನಗೂ ಗೊತ್ತು, ನನ್ನ ಮೊದಲ ಕೌದಿಯೂ ಹೀಗೆಯೇ ಕೆಟ್ಟಿತ್ತು. ನೀವು ಬಣ್ಣ ಹಾಕಿದ್ದರಲ್ಲಿ ದೋಷವಿಲ್ಲ, ತೊಳೆದದ್ದರಲ್ಲಿ ಇದೆ.

ರಿಯಾಕ್ಟಿವ್ ಬಣ್ಣವು ಲೇಪದಂತೆ ಬಟ್ಟೆಯ ಮೇಲೆ ಕೂರುವುದಿಲ್ಲ. ವಾಷಿಂಗ್ ಸೋಡಾದಿಂದ ನೀರು ಕ್ಷಾರವಾದಾಗ ಅದು ಹತ್ತಿಯ ನಾರಿನಲ್ಲಿರುವ ಸೆಲ್ಯುಲೋಸಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ರಾಟೀ ಮತ್ತು ಸ್ಟೀಫನ್ ಎಂಬ ಇಬ್ಬರು ರಸಾಯನತಜ್ಞರು ಕಂಡುಕೊಂಡದ್ದು ಈ ಬೆಸುಗೆಯನ್ನೇ. 1956ರಲ್ಲಿ ಈ ಬಗೆಯ ಬಣ್ಣ ಪ್ರೊಸಿಯಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಹೀಗೆ ಬೆಸೆದ ಬಣ್ಣ ಸಾಬೂನಿಗಾಗಲಿ ಬಿಸಿನೀರಿಗಾಗಲಿ ಬಿಟ್ಟುಕೊಡುವುದಿಲ್ಲ. ಆದರೆ ಅದೇ ಪಾತ್ರೆಯಲ್ಲಿ ಬಣ್ಣದ ಒಂದು ಪಾಲು ನಾರಿನ ಬದಲು ನೀರಿನೊಂದಿಗೇ ಕೂಡಿಕೊಂಡು ಸತ್ತುಹೋಗುತ್ತದೆ. ಈ ಸತ್ತ ಬಣ್ಣ ಮುಂದೆ ಯಾವ ಉಪಾಯಕ್ಕೂ ಬಟ್ಟೆಗೆ ಬೆಸೆಯದು. ಸುಮ್ಮನೆ ಎಳೆಗಳ ನಡುವೆ ಅಂಟಿಕೊಂಡಿದ್ದು, ಬಿಸಿನೀರು ತಗುಲಿದ ದಿನ ಹೊರಬಂದು ಪಕ್ಕದ ಬಟ್ಟೆಗೆ ಹತ್ತುತ್ತದೆ. ನಿಮ್ಮ ಬಿಳಿ ತುಂಡುಗಳಿಗೆ ಹತ್ತಿದ್ದು ಅದೇ.

ಉಪ್ಪಿನ ವಿಷಯದಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ಬಣ್ಣದ ಪಾತ್ರೆಯಲ್ಲಿ ಉಪ್ಪಿಗೆ ನಿಜವಾದ ಕೆಲಸವಿದೆ, ಏಕೆಂದರೆ ಅದು ಬಣ್ಣವನ್ನು ನೀರಿನಿಂದ ನಾರಿನ ಕಡೆಗೆ ತಳ್ಳುತ್ತದೆ. ಆದರೆ ತೊಳೆಯುವಾಗ ಅದೇ ಗುಣವು ಸತ್ತ ಬಣ್ಣವನ್ನೂ ಬಟ್ಟೆಗೇ ಒತ್ತಿ ಹಿಡಿದುಬಿಡುತ್ತದೆ. ನೀರು ತಿಳಿಯಾಗಿ ಕಾಣುತ್ತದೆ, ಬಣ್ಣ ಮಾತ್ರ ಒಳಗೇ ಉಳಿದಿರುತ್ತದೆ. ವಿನಿಗರ್ ಉಣ್ಣೆ ಮತ್ತು ರೇಷ್ಮೆಗೆ ಹಾಕುವ ಆಸಿಡ್ ಬಣ್ಣಗಳಿಗೆ ಬೇಕಾದದ್ದು. ಹತ್ತಿಯ ಮೇಲಿನ ರಿಯಾಕ್ಟಿವ್ ಬಣ್ಣವನ್ನು ಗಟ್ಟಿಮಾಡಲು ಅದರಿಂದ ಏನೂ ಪ್ರಯೋಜನವಿಲ್ಲ.

ಆದ್ದರಿಂದ ಮುಂದಿನ ಸಲ ಮೊದಲು ತಣ್ಣೀರಿನಲ್ಲಿ, ನೀರು ಬದಲಿಸುತ್ತ, ಉಪ್ಪು ಮತ್ತು ಸೋಡಾ ಪೂರ್ತಿ ಹೋಗುವಂತೆ ಜಾಲಿಸಿರಿ. ಸೋಡಾ ಇರುವವರೆಗೆ ಬೆರಳಿಗೆ ಬಟ್ಟೆ ಜಾರುಜಾರಾಗಿ ತಗುಲುತ್ತದೆ. ಆಮೇಲೆ ಕೈ ಅದ್ದಲಾಗದಷ್ಟು ಬಿಸಿಯಾದ ನೀರಿನಲ್ಲಿ ಸ್ವಲ್ಪ ಡಿಟರ್ಜೆಂಟ್ ಹಾಕಿ ಮುಚ್ಚಿಟ್ಟು, ಆರಿದ ಮೇಲೆ ಚೆಲ್ಲಿ, ಮತ್ತೆ ಬಿಸಿನೀರು ಹಾಕಿರಿ. ಕಡುಗೆಂಪು, ಕಪ್ಪು ಮತ್ತು ವಿಶೇಷವಾಗಿ ಟರ್ಕ್ವಾಯ್ಸ್ ನೀಲಿಗೆ ಇದನ್ನು ಮೂರು ನಾಲ್ಕು ಸಲ ಮಾಡಬೇಕಾಗಬಹುದು. ಕತ್ತರಿಸುವ ಮುನ್ನ ಒಂದು ಪರೀಕ್ಷೆ ಮಾಡಿರಿ: ಒದ್ದೆ ತುಂಡನ್ನು ಬಿಳಿ ಬಟ್ಟೆಯ ಎರಡು ಪದರಗಳ ನಡುವೆ ಇಟ್ಟು ಬಿಸಿ ಇಸ್ತ್ರಿಯಿಂದ ಒಣಗುವವರೆಗೆ ಒತ್ತಿರಿ. ಬಿಳಿಯ ಮೇಲೆ ನೆರಳಿನಷ್ಟು ಬಣ್ಣ ಕಂಡರೂ ತೊಳೆಯುವ ಕೆಲಸ ಮುಗಿದಿಲ್ಲವೆಂದೇ ಅರ್ಥ.

ಈಗಿನ ಕೌದಿಯನ್ನು ಒಣಗಿಸಬೇಡಿರಿ, ಬ್ಲೀಚ್ ಹಾಕಬೇಡಿರಿ. ಅದು ಪೂರ್ತಿ ಮುಳುಗಿ ಸಡಿಲವಾಗಿ ತೇಲುವಷ್ಟು ಬಿಸಿನೀರಿನಲ್ಲಿ ಡಿಟರ್ಜೆಂಟ್ ಹಾಕಿ ಏಳೆಂಟು ತಾಸು ಬಿಡಿರಿ. ಬಿಟ್ಟ ಬಣ್ಣವನ್ನು ಡಿಟರ್ಜೆಂಟ್ ನೀರಿನಲ್ಲೇ ತೇಲಿಸಿ ಹಿಡಿದಿರುತ್ತದೆ, ಬಿಳಿಯ ಮೇಲೆ ಮತ್ತೆ ಕೂರಗೊಡುವುದಿಲ್ಲ. ನೀರಿಗೆ ಬಣ್ಣ ಬರುವುದು ನಿಲ್ಲುವವರೆಗೆ ಹೀಗೆ ಮಾಡುತ್ತ ಹೋದರೆ ಗುಲಾಬಿ ಕಲೆಯ ಬಹುಪಾಲು ಹೋಗುತ್ತದೆ. ಒಳಪದರ ಉಣ್ಣೆಯದಾಗಿದ್ದರೆ ಮಾತ್ರ ಇಷ್ಟು ಬಿಸಿ ಬೇಡ, ಉಣ್ಣೆ ಕುಗ್ಗಿಬಿಡುತ್ತದೆ.

ಪ್ರಶ್ನೆ: ವಾಷಿಂಗ್ ಸೋಡಾ ಇರಲಿಲ್ಲವೆಂದು ಅಷ್ಟೇ ತೂಕದ ಅಡುಗೆ ಸೋಡಾ ಹಾಕಿದೆ. ಬಣ್ಣ ತೀರ ತಿಳಿಯಾಯಿತು. ಪ್ರಮಾಣ ಹೆಚ್ಚಿಸಬೇಕಿತ್ತೇ?

ಉತ್ತರ: ಹೆಚ್ಚಿಸಿದ್ದರೂ ಆಗುತ್ತಿರಲಿಲ್ಲ. ಈ ಬಣ್ಣಗಳಿಗೆ ಸುಮಾರು 11ರ ಆಸುಪಾಸಿನ ಪಿಎಚ್ (ನೀರು ಎಷ್ಟು ಕ್ಷಾರವೆಂಬ ಅಳತೆ) ಬೇಕು. ಅಡುಗೆ ಸೋಡಾ ಎಷ್ಟು ಸುರಿದರೂ 8ರ ಸ್ವಲ್ಪ ಮೇಲಷ್ಟೇ ನಿಲ್ಲುತ್ತದೆ. ಅಚ್ಚು ಒತ್ತಿದ ಬಟ್ಟೆಯನ್ನು ಹಬೆಯಲ್ಲಿ ಬೇಯಿಸುವವರು ಅಡುಗೆ ಸೋಡಾ ಬಳಸುವುದುಂಟು, ಏಕೆಂದರೆ ಆ ಶಾಖಕ್ಕೆ ಅದು ಒಡೆದು ವಾಷಿಂಗ್ ಸೋಡಾವೇ ಆಗುತ್ತದೆ. ಬಣ್ಣದ ಪ್ರಮಾಣವನ್ನೂ ಒಣ ಬಟ್ಟೆಯ ತೂಕದಿಂದ ಲೆಕ್ಕ ಹಾಕಿರಿ: 100 ಗ್ರಾಂ ಬಟ್ಟೆಗೆ ಮಧ್ಯಮ ಛಾಯೆಗೆ 2 ಗ್ರಾಂ, ಗಾಢ ಛಾಯೆಗೆ 4 ಗ್ರಾಂ, ಕಪ್ಪಿಗೆ ಇದರ ಇಮ್ಮಡಿಯೂ ಬೇಕಾದೀತು. ಪುಡಿ ತೂಗುವಾಗ ಮಾಸ್ಕ್ ಹಾಕಿಕೊಳ್ಳಲೇಬೇಕು. ಈ ಪುಡಿ ಉಸಿರಿನಲ್ಲಿ ಹೋದರೆ ಕೆಲವರಿಗೆ ಅಲರ್ಜಿ ತಗುಲಿಕೊಂಡು ಜನ್ಮವಿಡೀ ಕಾಡುತ್ತದೆ. ಬಣ್ಣದ ಪಾತ್ರೆ, ಚಮಚಗಳು ಮತ್ತೆಂದೂ ಅಡುಗೆಗೆ ಹೋಗಬಾರದು.

ಪ್ರಶ್ನೆ: ಮರದ ಅಚ್ಚಿನಿಂದ ಮುದ್ರಿಸಲು ರಿಯಾಕ್ಟಿವ್ ಬಣ್ಣಕ್ಕೆ ಮೈದಾ ಗಂಜಿ ಬೆರೆಸಿ ಮಂದ ಮಾಡಿದೆ. ಹೂವುಗಳು ಅಂದವಾಗಿ ಮೂಡಿದವು, ಒಗೆದ ಮೇಲೆ ಗುರುತಷ್ಟೇ ಉಳಿಯಿತು. ಫ್ಯಾಬ್ರಿಕ್ ಪೇಂಟನ್ನೇ ಬಳಸಲೇ?

ಉತ್ತರ: ಗಂಜಿ ಮತ್ತು ಹತ್ತಿ ಒಂದೇ ಕುಲದವು, ಎರಡೂ ಗ್ಲೂಕೋಸಿನ ಸರಪಳಿಗಳು. ಬಟ್ಟೆಗೆ ಬೆಸೆಯಬೇಕಾದ ಬಣ್ಣ ಗಂಜಿಗೇ ಬೆಸೆದುಕೊಂಡು ಗಂಜಿಯೊಡನೆ ತೊಳೆದುಹೋಯಿತು. ಮಂದ ಮಾಡಲು ಕಡಲ ಪಾಚಿಯಿಂದ ತೆಗೆಯುವ ಸೋಡಿಯಂ ಆಲ್ಜಿನೇಟ್ ಬಳಸಿರಿ, ಅದಕ್ಕೆ ಬಣ್ಣ ಸುಲಭವಾಗಿ ಬೆಸೆಯುವುದಿಲ್ಲ. ಬಟ್ಟೆಯನ್ನು ಮೊದಲೇ ಸೋಡಾ ನೀರಿನಲ್ಲಿ ಅದ್ದಿ ಒಣಗಿಸಿಟ್ಟು, ಪಾಕಕ್ಕೆ ತೇವ ಹಿಡಿದಿಡಲು ಸ್ವಲ್ಪ ಯೂರಿಯಾ ಸೇರಿಸಿ, ಒತ್ತಿದ ಮೇಲೆ ಪ್ಲಾಸ್ಟಿಕ್ ಹೊದಿಸಿ ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಡಿರಿ. ತೇವ ಆರಿದ ಕ್ಷಣ ಬೆಸುಗೆ ನಿಂತುಹೋಗುತ್ತದೆ.

ಫ್ಯಾಬ್ರಿಕ್ ಪೇಂಟ್ ಕೆಟ್ಟದ್ದಲ್ಲ. ಇಸ್ತ್ರಿಯ ಶಾಖ ಕೊಟ್ಟರೆ ನಿಲ್ಲುತ್ತದೆ. ಆದರೆ ಅದು ಅಂಟಿನ ಪೊರೆಯಾಗಿ ಬಟ್ಟೆಯ ಮೇಲೆಯೇ ಕೂರುವುದರಿಂದ ಬಟ್ಟೆ ಬಿರುಸಾಗುತ್ತದೆ. ಕೈಹೊಲಿಗೆಯಲ್ಲಿ ಮೂರು ಪದರ ದಾಟಿಸುವಾಗ ಸೂಜಿ ಆ ಪೊರೆಯ ಬಳಿ ತಡೆದು ನಿಲ್ಲುವುದು ಬೆರಳಿಗೇ ತಿಳಿಯುತ್ತದೆ. ಸಣ್ಣ ಬಳ್ಳಿ, ಚುಕ್ಕಿಗಳಿಗೆ ಪೇಂಟ್ ಸಾಕು; ತುಂಡಿನ ತುಂಬ ಹರಡುವ ವಿನ್ಯಾಸಕ್ಕೆ ರಿಯಾಕ್ಟಿವ್ ಬಣ್ಣವೇ ಇರಲಿ.

ಪ್ರಶ್ನೆ: ಅರಿಸಿನದ ಹಳದಿಯನ್ನು ಪಟಿಕದಿಂದ ಶಾಶ್ವತ ಮಾಡಬಹುದೇ?

ಉತ್ತರ: ಆಗದು. ಪಟಿಕ ಹಾಕಿದರೂ ಅರಿಸಿನವು ಬಿಸಿಲಿಗೆ ಮಾಸುತ್ತದೆ, ಸಾಬೂನು ತಗುಲಿದರೆ ಕೆಂಪಾಗುತ್ತದೆ. ಅದೇ ಪಟಿಕದ ಬಟ್ಟೆಯನ್ನು ದಾಳಿಂಬೆ ಸಿಪ್ಪೆಯ ಕಷಾಯದಲ್ಲಿ ಕುದಿಸಿರಿ. ಹಳದಿ ಅಷ್ಟು ಉಜ್ವಲವಾಗಿರುವುದಿಲ್ಲ, ಆದರೆ ಅರಿಸಿನಕ್ಕಿಂತ ಬಹುಕಾಲ ಬಾಳುತ್ತದೆ.