ಮನಿ ಪ್ಲಾಂಟ್‌ಗೆ ದಿನಾ ನೀರು ಹಾಕಿದರೂ ಎಲೆ ಹಳದಿಯಾಗಿ ಉದುರುತ್ತಿದೆ, ಏನು ಮಾಡಲಿ?

ನಿಮ್ಮ ಪ್ರಶ್ನೆಯ ಒಂದು ಸಾಲು ಓದಿದಾಗಲೇ ಅರ್ಧ ಗೊತ್ತಾಯಿತು: ‘ದಿನಾ ಬೆಳಿಗ್ಗೆ ತಪ್ಪದೆ ಒಂದು ಲೋಟ ನೀರು ಹಾಕುತ್ತೇನೆ.’ ಅದನ್ನು ಇವತ್ತೇ ನಿಲ್ಲಿಸಿ. ಗಿಡ ಮಲಗುವ ಕೋಣೆಯ ಮೂಲೆಯಲ್ಲಿದೆ, ಬುಡದ ಎಲೆಗಳು ಹಳದಿಯಾಗಿವೆ, ಗೊಬ್ಬರ ಕೊಟ್ಟರೂ ಪ್ರಯೋಜನವಿಲ್ಲ, ಬಳ್ಳಿ ಉದ್ದಕ್ಕೆ ಹೋಗುತ್ತಿದೆ ಆದರೆ ಎಲೆ ಸಣ್ಣದಾಗುತ್ತಿದೆ ಎಂದೂ ಬರೆದಿದ್ದೀರಿ. ಹಳದಿ ಎಲೆಗೆ ಕಾರಣ ಬಹುಶಃ ನೀರು. ಸಣ್ಣ ಎಲೆಯ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನೂ ಹೀಗೇ ಒಂದು ಗಿಡ ಕೊಂದಿದ್ದೇನೆ. ಎಲೆ ಬಾಡಿದ ಹಾಗೆ ಕಂಡಿತು, ಪಾಪ ಬಾಯಾರಿಕೆ ಆಗಿರಬೇಕು ಅಂತ ಇನ್ನಷ್ಟು ನೀರು ಸುರಿದೆ. ಮರುದಿನ ಇನ್ನೂ ಬಾಡಿತು, ನಾನು ಇನ್ನೂ ಸುರಿದೆ! ಕೊನೆಗೆ ಕುಂಡದಿಂದ ಗಿಡವನ್ನು ಎಳೆದು ನೋಡಿದರೆ ಚರಂಡಿಯಂಥ ವಾಸನೆ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಕಂದು ಸಿಪ್ಪೆ ಲೋಳೆಯಂತೆ ಜಾರಿ ಕೈಗೆ ಬಂತು, ಒಳಗಿನ ನೂಲಿನಂಥ ಎಳೆ ಮಾತ್ರ ಗಿಡದಲ್ಲಿ ಉಳಿಯಿತು. ಒಳ್ಳೆ ಬೇರು ಹಾಗಿರುವುದಿಲ್ಲ. ಬೆಳ್ಳಗೆ, ಗಟ್ಟಿಯಾಗಿರುತ್ತದೆ.

ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಕಣಗಳ ನಡುವೆ ಇರುವ ಸಂದಿಗಳಲ್ಲಿ ಆ ಗಾಳಿ ಇರುತ್ತದೆ. ದಿನಾ ನೀರು ಹಾಕಿದರೆ ಸಂದಿಗಳೆಲ್ಲ ನೀರಿನಿಂದಲೇ ತುಂಬಿ ಬೇರು ಉಸಿರುಗಟ್ಟಿ ಸಾಯುತ್ತದೆ, ಆಮೇಲೆ ಶಿಲೀಂಧ್ರ ಹಿಡಿದು ಕೊಳೆಯುತ್ತದೆ. ಬೇರು ಸತ್ತ ಮೇಲೆ ನೀರು ಎಳೆಯುವವರು ಯಾರು? ಅದಕ್ಕೇ ನೀರಲ್ಲಿ ನಿಂತ ಗಿಡವೂ ಬಾಯಾರಿದ ಗಿಡದ ಹಾಗೇ ಬಾಡುತ್ತದೆ. ನಾನು ಮೋಸಹೋಗಿದ್ದು ಇಲ್ಲೇ. ಮೂಲೆಯಲ್ಲಿ ಬೆಳಕು ಕಡಿಮೆ ಇರುವುದರಿಂದ ನಿಮ್ಮ ಗಿಡ ಕುಡಿಯುವುದೂ ಕಡಿಮೆ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ ಅಂತ ಕೇಳಬೇಡಿ. ಕ್ಯಾಲೆಂಡರ್ ನೋಡಿ ನೀರು ಹಾಕುವ ಗಿಡ ಇದಲ್ಲ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ, ಅಲ್ಲಿ ತೇವ ಇದ್ದರೆ ಸುಮ್ನೆ ಬಿಡಿ. ಒಣಗಿದ್ದರೆ ತಳದ ತೂತಿನಿಂದ ಹರಿದು ಹೋಗುವಷ್ಟು ಧಾರಾಳವಾಗಿ ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಸ್ವಲ್ಪ ದಿನ ಹೀಗೆ ಮಾಡಿದರೆ ಕುಂಡ ಎತ್ತಿ ನೋಡಿಯೇ ಹೇಳಬಹುದು, ಒಣ ಕುಂಡ ಅಷ್ಟು ಹಗುರ ಇರುತ್ತದೆ. ಬೆಳಿಗ್ಗೆ ಎದ್ದಾಗ ಎಲೆಯ ತುದಿಯಲ್ಲಿ ಒಂದು ಹನಿ ನೀರು ತೂಗುತ್ತಿರುವುದನ್ನು ನೋಡಿದ್ದೀರಾ? ಅದು ಇಬ್ಬನಿಯಲ್ಲ. ಮಣ್ಣಲ್ಲಿ ನೀರು ಜಾಸ್ತಿ ಇದ್ದಾಗ ಗಿಡ ರಾತ್ರಿ ಹೊರಹಾಕುವ ನೀರು. ರೋಗವೇನಲ್ಲ, ಆದರೆ ಅವತ್ತು ನೀರು ಹಾಕುವ ಅಗತ್ಯವಂತೂ ಇಲ್ಲ.

ಈಗ ಗಿಡವನ್ನು ಹೊರತೆಗೆದು ಬೇರು ನೋಡಿ. ಮೆತ್ತಗಾದ, ಕಂದು ಬಣ್ಣದ ಬೇರುಗಳನ್ನೆಲ್ಲ ಕತ್ತರಿಸಿ. ಉಳಿದ ಬೇರಿಗೆ ಸರಿಹೊಂದುವ ಸಣ್ಣ ಕುಂಡದಲ್ಲಿ, ನೀರು ಬೇಗ ಇಳಿದು ಹೋಗುವ ಸಡಿಲ ಮಣ್ಣಿನಲ್ಲಿ ನೆಡಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು), ಸ್ವಲ್ಪ ಕಾಂಪೋಸ್ಟ್ ಬೆರೆಸಿದರೆ ಸಾಕು. ಇನ್ನೂ ಚೆನ್ನಾಗಿ ಬೆಳೆಯಲಿ ಅಂತ ದೊಡ್ಡ ಕುಂಡಕ್ಕೆ ಹಾಕಬೇಡಿ, ಬೇರು ತಲುಪದ ಮಣ್ಣು ಒಣಗುವುದೇ ಇಲ್ಲ. ಗೊಬ್ಬರ ಸದ್ಯಕ್ಕೆ ಬೇಡವೇ ಬೇಡ.

ಬೇರು ಪೂರ್ತಿ ಹೋಗಿದ್ದರೂ ಬಳ್ಳಿ ಹಸಿರಾಗಿದ್ದರೆ ಚಿಂತೆಯಿಲ್ಲ. ಎಲೆಯ ತೊಟ್ಟು ಬಳ್ಳಿಗೆ ಸೇರುವ ಜಾಗದಲ್ಲಿ ಗೆಣ್ಣು ಇರುತ್ತದೆ, ಅಲ್ಲೇ ಕಂದು ಬಣ್ಣದ ಒಂದು ಸಣ್ಣ ಮೊಳೆ ಕಾಣುತ್ತದೆ. ಬೇರಾಗುವುದು ಆ ಮೊಳೆ. ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವಂತೆ ನೀರಿನ ಬಾಟಲಿಯಲ್ಲಿಡಿ, ವಾರಕ್ಕೊಮ್ಮೆ ನೀರು ಬದಲಿಸಿ. ಕೆಲವೇ ವಾರಗಳಲ್ಲಿ ಬೇರು ಬರುತ್ತದೆ. ಎರಡು ಅಂಗುಲ ಬಂದಾಗ ಮೂರು ನಾಲ್ಕು ತುಂಡುಗಳನ್ನು ಒಂದೇ ಕುಂಡಕ್ಕೆ ನೆಟ್ಟರೆ ಬುಡ ಬೋಳಾಗಿ ಕಾಣುವುದಿಲ್ಲ. ಗೆಣ್ಣಿಲ್ಲದ ಬರೀ ಎಲೆ ಇಟ್ಟರೆ ತಿಂಗಳುಗಟ್ಟಲೆ ಹಸಿರಾಗಿ ಇರಬಹುದು, ಆದರೆ ಹೊಸ ಬಳ್ಳಿ ಹುಟ್ಟುವುದಿಲ್ಲ.

ಗಾಳಿ ಶುದ್ಧ ಮಾಡುತ್ತದೆ ಅಂತ ಹಾಸಿಗೆ ಪಕ್ಕದಿಂದ ತೆಗೆಯಲು ಮನಸ್ಸಿಲ್ಲ ಅಂದಿದ್ದೀರಿ. ಆ ಮಾತು ಹಬ್ಬಿದ್ದು 1989ರ ನಾಸಾ ಅಧ್ಯಯನದಿಂದ, ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ 2019ರಲ್ಲಿ ಲೆಕ್ಕ ಹಾಕಿದಾಗ, ಕಿಟಕಿ ಬಾಗಿಲಿನಿಂದ ಬರುವ ಗಾಳಿಗೆ ಸಮವಾಗಬೇಕಾದರೆ ಒಂದು ಚದರ ಮೀಟರ್ ಜಾಗಕ್ಕೆ 10ರಿಂದ 1000 ಗಿಡ ಬೇಕಾಗುತ್ತದೆ ಅಂತ ಬಂತು. ಮಲಗೋಕೆ ಜಾಗ ಎಲ್ಲಿ? ಗಿಡವನ್ನು ಕಿಟಕಿ ಹತ್ತಿರ ಇಡಿ. ನೇರ ಮಧ್ಯಾಹ್ನದ ಬಿಸಿಲು ಬೇಡ, ಎಲೆ ಸುಡುತ್ತದೆ. ಹಳದಿ, ಬಿಳಿ ಮಚ್ಚೆಯ ಜಾತಿಯಾದರೆ ಕತ್ತಲಲ್ಲಿ ಹೊಸ ಎಲೆಗಳ ಮಚ್ಚೆ ಕಡಿಮೆಯಾಗಿ ಬರೀ ಹಸಿರಾಗುತ್ತಾ ಹೋಗುತ್ತದೆ.

ಇನ್ನು ಸಣ್ಣ ಎಲೆ. ನನಗೆ ತುಂಬಾ ಇಷ್ಟದ ವಿಷಯ ಇದು. ಈ ಬಳ್ಳಿಯ ಮೂಲ ಪೆಸಿಫಿಕ್ ಸಾಗರದಲ್ಲಿರುವ ಫ್ರೆಂಚ್ ಪಾಲಿನೇಷ್ಯಾದ ಮೊರಿಯಾ ದ್ವೀಪ. 1880ರಲ್ಲಿ ಇದಕ್ಕೆ ಪೋಥೋಸ್ ಅಂತ ಹೆಸರಿಟ್ಟರು, ಈಗಿನ ಹೆಸರು ಎಪಿಪ್ರೆಮ್ನಮ್ ಔರಿಯಮ್. ಕಾಡಿನಲ್ಲಿ ಮರ ಹತ್ತುವ ಬಳ್ಳಿ ಇದು. ಹತ್ತುತ್ತಾ ಹೋದ ಹಾಗೆ ಎಲೆ ದೊಡ್ಡದಾಗಿ, ಅಂಚು ಸೀಳಿ, ಒಂದೊಂದು ಎಲೆ ಮುಕ್ಕಾಲು ಮೀಟರ್ ದಾಟುವುದೂ ಉಂಟು. ನಾವು ಮನೆಯಲ್ಲಿ ನೋಡುವುದು ಅದರ ಬಾಲ್ಯವನ್ನು ಮಾತ್ರ. ಇಳಿಬಿಟ್ಟ ಬಳ್ಳಿಗೆ ಹತ್ತಲು ಏನೂ ಸಿಗದೆ ಎಲೆ ಸಣ್ಣದಾಗುತ್ತಾ ಹೋಗುತ್ತದೆ. ತೆಂಗಿನ ನಾರು ಸುತ್ತಿದ ಕೋಲು ನೆಟ್ಟು, ಗೆಣ್ಣುಗಳು ನಾರಿಗೆ ತಾಗುವಂತೆ ದಾರದಿಂದ ಸಡಿಲವಾಗಿ ಕಟ್ಟಿ, ನಾರಿಗೆ ಆಗಾಗ ನೀರು ಚಿಮುಕಿಸಿ. ಒಣ ನಾರಿಗೆ ಬೇರು ಅಂಟುವುದಿಲ್ಲ. ಕೋಣೆಯಲ್ಲಿ ಮುಕ್ಕಾಲು ಮೀಟರ್ ನಿರೀಕ್ಷಿಸಬೇಡಿ. ನನ್ನದು ಅಂಗೈಯಿಂದ ಊಟದ ತಟ್ಟೆಯಷ್ಟಾಯಿತು, ಅಷ್ಟಕ್ಕೇ ನಾನು ಖುಷ್.

ಬೆಕ್ಕು, ನಾಯಿ, ಸಣ್ಣ ಮಕ್ಕಳಿದ್ದರೆ ಕೈಗೆಟುಕದ ಎತ್ತರದಲ್ಲಿಡಿ. ಎಲೆ, ಬಳ್ಳಿಯಲ್ಲಿ ಸೂಜಿಯಂಥ ಕ್ಯಾಲ್ಶಿಯಂ ಆಕ್ಸಲೇಟ್ ಹರಳುಗಳಿವೆ, ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ.

ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ಕಿತ್ತುಬಿಡಿ. ತುದಿಯಲ್ಲಿ ಸುರುಳಿ ಬಿಚ್ಚುತ್ತಿರುವ ಹೊಸ ಎಲೆಯನ್ನು ಗಮನಿಸಿ. ಅಂದ ಹಾಗೆ, ನಿಮ್ಮ ಕುಂಡದ ತಳದಲ್ಲಿ ತೂತು ಇದೆಯಾ ಅಂತ ನೀವು ಬರೆದೇ ಇಲ್ಲ. ಇಲ್ಲದಿದ್ದರೆ ಮೇಲಿನದೆಲ್ಲ ಆಮೇಲೆ, ಮೊದಲು ಕುಂಡ ಬದಲಿಸಿ.