ಬ್ಲೇಡ್ ಬದಲಾದರೂ ವಿಳಾಸ ಬದಲಾಗಬಾರದು, ಹೇಗೆ?

ಪ್ರಶ್ನೆ: ವೈಟ್‌ಫೀಲ್ಡ್‌ನ ನಮ್ಮ ಕಂಪನಿಯಲ್ಲಿ 16 ಬ್ಲೇಡ್‌ಗಳ (ತೆಳ್ಳಗಿನ ಸರ್ವರ್‌ಗಳ) ಒಂದು ಚಾಸಿಸ್ (ಅವು ಕೂರುವ ಪೆಟ್ಟಿಗೆ) ಇದೆ. ಹೋದ ತಿಂಗಳು 7ನೇ ಸ್ಲಾಟಿನ ಬ್ಲೇಡ್‌ನ ಮದರ್‌ಬೋರ್ಡ್ ಹೋಯಿತು. ಹಳೆಯ ಡಿಸ್ಕ್‌ಗಳನ್ನೇ ಸ್ಪೇರ್ ಬ್ಲೇಡ್‌ಗೆ ಹಾಕಿ ಕೂರಿಸಿದೆ. ಹತ್ತು ನಿಮಿಷದ ಕೆಲಸ. ಆದರೆ ಐಪಿ ಬರಲಿಲ್ಲ, ಸಾಫ್ಟ್‌ವೇರ್ ಹೊಸ ಲೈಸೆನ್ಸ್ ಕೇಳಿತು, ಸ್ಟೋರೇಜ್ ಕಾಣಲೇ ಇಲ್ಲ. ಎಲ್ಲ ಸರಿಹೋಗುವಾಗ ಬೆಳಗಿನ ಜಾವ ಮೂರು ಗಂಟೆ. ಪ್ರತಿ ಸಲ ಇದೇ ಪಾಡಾ ಸರ್?

ಉತ್ತರ: ಖಂಡಿತ ಅಲ್ಲ. ಸಿಲ್ಕ್ ಬೋರ್ಡ್ ಕಡೆ ಹೋಗುವ 500ಡಿ ಬಸ್ ದಾರಿಯಲ್ಲಿ ಕೆಟ್ಟು ನಿಂತರೆ ಬೇರೆ ಬಸ್ ಬರುತ್ತದೆ, ಅಲ್ವಾ? ನಂಬರ್ ಪ್ಲೇಟ್ ಬೇರೆ, ಬೋರ್ಡು ಅದೇ. ಸ್ಟಾಪಿನಲ್ಲಿ ನಿಂತವರು ಬೋರ್ಡು ನೋಡಿ ಹತ್ತುತ್ತಾರೆ. ಐಪಿ ಹಂಚುವ ನಿಮ್ಮ ಡಿಎಚ್‌ಸಿಪಿ ಮತ್ತು ಲೈಸೆನ್ಸ್ ಸರ್ವರ್‌ಗಳು ಮಾತ್ರ ನಂಬರ್ ಪ್ಲೇಟ್ ನೋಡಿಯೇ ಹತ್ತುವ ಪ್ರಯಾಣಿಕರು. ಆ ಪ್ಲೇಟೇ ಮ್ಯಾಕ್ ವಿಳಾಸ. ಕಾರ್ಖಾನೆಯಲ್ಲೇ ನೆಟ್‌ವರ್ಕ್ ಕಾರ್ಡಿಗೆ ಬರೆದ 48 ಬಿಟ್‌ಗಳ ಸಂಖ್ಯೆ.

ವಿಳಾಸವನ್ನು ಬ್ಲೇಡ್‌ನಿಂದ ಬಿಡಿಸಿ ಅದು ಕೂರುವ ಜಾಗಕ್ಕೆ ಕೊಡುವುದೇ ಪರಿಹಾರ. ಎಚ್‌ಪಿಇಯ (ಹಿಂದಿನ ಎಚ್‌ಪಿ) ವರ್ಚುವಲ್ ಕನೆಕ್ಟ್‌ನಲ್ಲಿ ಸ್ಲಾಟಿಗೆ ಒಂದು ಪ್ರೊಫೈಲ್, ಅಂದರೆ ವಿಳಾಸಗಳ ಪಟ್ಟಿ, ಮಾಡಿಡುತ್ತೀರಿ. ಅಲ್ಲಿ ಯಾವ ಬ್ಲೇಡ್ ಕೂತರೂ ಅದೇ ಮ್ಯಾಕ್. ತೆಗೆದರೆ ಬ್ಲೇಡಿಗೆ ತನ್ನ ಹುಟ್ಟು ವಿಳಾಸವೇ ವಾಪಸ್. ಡೆಲ್‌ನ ಫ್ಲೆಕ್ಸ್‌ಅಡ್ರೆಸ್ ಮಾಡುವುದೂ ಇದನ್ನೇ. ಸಿಸ್ಕೋ ಯುಸಿಎಸ್‌ನ ಸರ್ವಿಸ್ ಪ್ರೊಫೈಲ್ ಸ್ಲಾಟಿಗೂ ಅಂಟಿಕೊಳ್ಳುವುದಿಲ್ಲ, ಸರ್ವರ್ ಮಾಡುವ ಕೆಲಸಕ್ಕೆ ಅಂಟಿಕೊಳ್ಳುತ್ತದೆ. ಒಂದೇ ಚಾಸಿಸ್ ಇರುವ ನಿಮಗೆ ಸ್ಲಾಟಿನ ಲೆಕ್ಕವೇ ಸಾಕು. ಕಣ್ಣಿಗೆ ಕಾಣುತ್ತದೆ, ರಾತ್ರಿ ಪಾಳಿಯ ಹುಡುಗನಿಗೂ ತಿಳಿಯುತ್ತದೆ.

ಪ್ರೊಫೈಲ್ ಮಾಡುವಾಗ ಡಬ್ಲ್ಯುಡಬ್ಲ್ಯುಎನ್ ಮರೆಯಬೇಡಿ. ಫೈಬರ್ ಚಾನೆಲ್ ಜಾಲದ ಮೂಲಕ ಸಿಗುವ ಸ್ಟೋರೇಜ್ ಆಗಿದ್ದರೆ ಅದು ಗುರುತು ಹಿಡಿಯುವುದು ಈ 64 ಬಿಟ್‌ಗಳ ಹೆಸರಿನಿಂದ. ಯಾವ ಸರ್ವರಿಗೆ ಯಾವ ಸ್ಟೋರೇಜ್ ಕಾಣಬೇಕೆಂದು ನಿಗದಿ ಮಾಡುವ ಝೋನಿಂಗ್ ಕೂಡ ಸಾಮಾನ್ಯವಾಗಿ ಇದರ ಮೇಲೆಯೇ. ನಿಮಗೆ ಸ್ಟೋರೇಜ್ ಕಾಣದಿದ್ದುದು ಬಹುಶಃ ಇದಕ್ಕೇ.

ಇನ್ನೊಂದು ವಿಷಯ. ಮೊದಲ ಸಲ ಪ್ರೊಫೈಲ್ ಹಾಕಿದಾಗ ಎಲ್ಲ ಬ್ಲೇಡ್‌ಗಳ ವಿಳಾಸ ಒಮ್ಮೆ ಬದಲಾಗಿಯೇ ಆಗುತ್ತದೆ. ಲೈಸೆನ್ಸ್, ಡಿಎಚ್‌ಸಿಪಿ ರಿಸರ್ವೇಶನ್ (ಯಾವ ಮ್ಯಾಕ್‌ಗೆ ಯಾವ ಐಪಿ ಎಂಬ ಪಟ್ಟಿ) ಎಲ್ಲ ಒಂದು ಸಲ ತಿದ್ದಬೇಕು. ಬ್ಲೇಡ್ ಆಫ್ ಮಾಡಿಯೇ ಪ್ರೊಫೈಲ್ ಹಾಕಿ. ಭಾನುವಾರ ರಾತ್ರಿ ಇಟ್ಟುಕೊಳ್ಳಿ, ಶುಕ್ರವಾರ ಸಂಜೆ ಮಾತ್ರ ಬೇಡ.

ಹಳೆಯ ಲಿನಕ್ಸ್ ಇದ್ದರೆ ಇನ್ನೊಂದು ತಲೆನೋವಿದೆ. ಅದು ಕಾರ್ಡಿನ ಹೆಸರನ್ನು ಮ್ಯಾಕ್ ಜೊತೆ ಬರೆದಿಟ್ಟುಕೊಳ್ಳುತ್ತದೆ. ಮ್ಯಾಕ್ ಬದಲಾದರೆ ಈಥ್0 ಇದ್ದದ್ದು ಈಥ್2 ಆಗಿ ಏಳುತ್ತದೆ, ಐಪಿ ಸೆಟ್ಟಿಂಗ್ ಅನಾಥ. ಯುಡೆವ್ (ಲಿನಕ್ಸ್‌ನಲ್ಲಿ ಸಾಧನಗಳಿಗೆ ಹೆಸರಿಡುವ ಭಾಗ) ನಿಯಮಗಳ ಫೈಲಿನಲ್ಲಿ ಹಳೆಯ ಸಾಲು ಅಳಿಸಿ ನೋಡಿ.

ಪ್ರೊಫೈಲ್ ಸೌಲಭ್ಯವೇ ಇಲ್ಲದ ಚಾಸಿಸ್ ಆದರೆ ಡಿಎಚ್‌ಸಿಪಿಯ ಆಪ್ಷನ್ 82 ಬಳಸಬಹುದು. ವಿನಂತಿ ಯಾವ ಪೋರ್ಟಿನಿಂದ ಬಂತು ಎಂದು ನೆಟ್‌ವರ್ಕ್ ಸ್ವಿಚ್ ಹೇಳುತ್ತದೆ, ಐಪಿ ಪೋರ್ಟಿನ ಲೆಕ್ಕದಲ್ಲಿ ಸಿಗುತ್ತದೆ. 2001ರಿಂದಲೂ ಇರುವ ವ್ಯವಸ್ಥೆ. ಆದರೆ ಲೈಸೆನ್ಸಿನ ಗೋಳು ಇದರಿಂದ ತಪ್ಪುವುದಿಲ್ಲ.

ಸುಮ್ನೆ ಓಎಸ್‌ನಲ್ಲೇ ಹಳೆಯ ಮ್ಯಾಕ್ ಕೈಯಾರೆ ಬರೆದುಬಿಡೋಣ ಅನಿಸಬಹುದು. ನಾನೂ ಹಾಗೆ ಮಾಡಿ ಕೆಟ್ಟವನೇ. ಕೆಟ್ಟ ಬ್ಲೇಡ್ ರಿಪೇರಿಯಾಗಿ ಬಂತು, ಸಹೋದ್ಯೋಗಿ ಅದನ್ನು 11ನೇ ಸ್ಲಾಟಿಗೆ ಹಾಕಿದರು. ಒಂದೇ ಮ್ಯಾಕ್ ಎರಡು ಕಡೆ! ಎರಡು ಬಸ್ಸಿಗೂ ಒಂದೇ ನಂಬರ್ ಪ್ಲೇಟ್ ಹಾಕಿದ ಹಾಗೆ. ಸಂಪರ್ಕ ಒಂದು ಕ್ಷಣ ಇದ್ದು ಮರುಕ್ಷಣ ಹೋಗುತ್ತಿತ್ತು. ಸ್ವಿಚ್ ಲಾಗಿನಲ್ಲಿ ಮ್ಯಾಕ್ ಪೋರ್ಟಿನಿಂದ ಪೋರ್ಟಿಗೆ ಹಾರುತ್ತಿರುವುದು ಕಾಣುವ ತನಕ ಅರ್ಧ ದಿನ ಕೇಬಲ್ ಬದಲಾಯಿಸುತ್ತ ಕೂತಿದ್ದೆ.

ಮುಂದೆ ಎರಡನೇ ಚಾಸಿಸ್ ಕೊಂಡರೆ ಎರಡಕ್ಕೂ ಒಂದೇ ಮ್ಯಾಕ್ ಶ್ರೇಣಿ ಆರಿಸಬೇಡಿ, ಇದೇ ಕಥೆ ಮತ್ತೆ ಶುರುವಾಗುತ್ತದೆ. ಯಾವ ಚಾಸಿಸ್‌ಗೆ ಯಾವ ಶ್ರೇಣಿ ಅಂತ ಒಂದು ಹಾಳೆಯಲ್ಲಿ ಬರೆದು ರ‍್ಯಾಕ್‌ನ ಬಾಗಿಲಿಗೆ ಅಂಟಿಸಿ.