ವಿಮಾನ ನಿಂತ ದಿನಗಳಲ್ಲಿ ನಾವು ಮಾಡಿದ್ದು

ಉಡುಪಿಯಲ್ಲಿ ಏವಿಯೇಷನ್ ಕೋರ್ಸ್ ಓದುತ್ತಿರುವ ನೀವು ಕೇಳಿದ್ದೀರಿ: ಕೊರೊನಾದಂಥ ಸಂಕಟ ಮತ್ತೆ ಬಂದರೆ ಮೊದಲು ನಿಲ್ಲುವುದೇ ವಿಮಾನ, ಆಗ ವಿಮಾನದವರಿಂದ ಯಾರಿಗೆ ಏನು ಉಪಯೋಗ?

ಉಪಯೋಗ ಉಂಟು. ನಾನು 2008ರಿಂದ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಸ್ಟಾಫ್ ಆಗಿ ದುಡಿದವಳು. ಕಂಡದ್ದನ್ನೇ ಹೇಳುತ್ತೇನೆ.

2020ರ ಮಾರ್ಚ್ 22ಕ್ಕೆ ವಿದೇಶದ ವಿಮಾನಗಳು ಬಂದ್ ಆದವು, ಮೂರು ದಿನದೊಳಗೆ ದೇಶದೊಳಗಿನವೂ ನಿಂತವು. ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಸಿಗುವುದು ಕಷ್ಟ. ಕೆಲಸ ಹೋದವರು, ವೀಸಾ ಮುಗಿದವರು, ಮಗಳ ಬಾಣಂತನಕ್ಕೆಂದು ಹೋಗಿ ಅಲ್ಲೇ ಸಿಕ್ಕಿಬಿದ್ದ ತಾಯಂದಿರು, ಎಲ್ಲರೂ ಊರಿನ ದಾರಿ ಕಾಯುತ್ತಿದ್ದರು. ಮೇ 7ಕ್ಕೆ, ಹೊರದೇಶಗಳಲ್ಲಿ ಸಿಕ್ಕಿಬಿದ್ದವರನ್ನು ವಿಮಾನದಲ್ಲಿ ಕರೆತರುವ ಸರ್ಕಾರದ ವಂದೇ ಭಾರತ್ ಮಿಷನ್ ಶುರುವಾಯಿತು. ಮೇ 12ರ ರಾತ್ರಿ ದುಬೈಯಿಂದ ಮೊದಲ ವಿಮಾನ ಬಜ್ಪೆಗೆ ಇಳಿಯಿತು.

ಆ ರಾತ್ರಿ ಮೈತುಂಬ ಮುಚ್ಚುವ ಪಿಪಿಇ ಉಡುಪು ಹಾಕಿಕೊಂಡು ನಿಂತಿದ್ದೆ. ಸೆಖೆಗೆ ಗ್ಲೌಸಿನ ಒಳಗೆ ಬೆವರು ನಿಂತು ಬೆರಳು ಬಿಳುಚಿತ್ತು. ಇಳಿದು ಬಂದವರಿಗೆ ನಮ್ಮ ಮುಖ ಕಾಣುವುದಿಲ್ಲ, ಎಲ್ಲರೂ ಒಂದೇ ಬಿಳಿ ಆಕೃತಿ. ಮುಖ ಕಾಣದ ಮೇಲೆ ಉಳಿದದ್ದು ದನಿ ಒಂದೇ. ವೀಲ್‌ಚೇರಿನಲ್ಲಿ ಬಂದ ಅಜ್ಜಿಯೊಬ್ಬರಿಗೆ ‘ಎಂಚ ಉಲ್ಲರ್ ಅಮ್ಮಾ?’ (ಹೇಗಿದ್ದೀರಿ ಅಮ್ಮಾ?) ಎಂದು ತುಳುವಿನಲ್ಲಿ ಕೇಳಿದೆ. ಅವರು ನನ್ನ ಕೈ ಹಿಡಿದು ಅತ್ತೇಬಿಟ್ಟರು. ಎರಡು ತಿಂಗಳ ಮೇಲೆ ಊರಿನಲ್ಲಿ ಕೇಳಿದ ಮೊದಲ ತುಳು ಮಾತಂತೆ. ಅವರ ಊರಿನ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿತ್ತು. ಹೊರಗೆ ಬಂದರೆ ಮನೆಗೇ ಹೋಗುವುದು ಎಂದುಕೊಂಡಿದ್ದರು. ಕ್ವಾರಂಟೈನಿಗೆ ಹೋಗಬೇಕೆಂದು ನಾನೇ ಹೇಳಬೇಕಾಯಿತು. ಮೂಲ್ಕಿಯಲ್ಲಿದ್ದ ಮಗನಿಗೆ ನನ್ನ ಫೋನಿನಿಂದಲೇ ಕರೆ ಮಾಡಿ, ಸ್ಪೀಕರ್ ಹಾಕಿ ದೂರ ಹಿಡಿದೆ. ಇಬ್ಬರೂ ಮಾತು ಮುಗಿಸುವವರೆಗೆ ಸಾಲು ಕಾಯಿತು, ಯಾರೂ ಗೊಣಗಲಿಲ್ಲ.

ವಿಮಾನ ತಡವಾದಾಗ ಸಿಟ್ಟಿನಲ್ಲಿರುವ ನೂರು ಜನರ ಎದುರು ನಿಂತು ನಾವು ಕಲಿಯುವ ಒಂದು ವಿದ್ಯೆ ಉಂಟು. ಗೊತ್ತಿದ್ದದ್ದನ್ನು ನೇರವಾಗಿ ಹೇಳುವುದು, ಗೊತ್ತಿಲ್ಲದ್ದಕ್ಕೆ ಮಾತು ಕೊಡದಿರುವುದು. ಆ ರಾತ್ರಿ ಕೆಲಸಕ್ಕೆ ಬಂದದ್ದು ಅದೇ. ಒಬ್ಬ ಬಸುರಿ ಹೆಂಗಸಿಗೆ ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರಾಡುವ ಬ್ಯಾರಿ ಭಾಷೆ ಬಿಟ್ಟರೆ ಬೇರೆ ಸರಿಯಾಗಿ ಬರುತ್ತಿರಲಿಲ್ಲ, ನನಗೆ ಬ್ಯಾರಿ ಬರುವುದಿಲ್ಲ. ಸಾಮಾನು ಇಳಿಸುತ್ತಿದ್ದ ಲೋಡರ್ ಹುಡುಗ ಆರು ಅಡಿ ದೂರ ನಿಂತು ಅವರಿಗೂ ಡಾಕ್ಟರಿಗೂ ನಡುವೆ ಮಾತು ದಾಟಿಸಿದ. ಆ ಹುಡುಗನ ಕೆಲಸದ ಪಟ್ಟಿಯಲ್ಲಿ ಇದು ಎಲ್ಲೂ ಇರಲಿಲ್ಲ.

ಆ ವಿಮಾನದಲ್ಲಿ ಬಂದ ಕೆಲವರಿಗೆ ಕೆಲವೇ ದಿನಗಳಲ್ಲಿ ಪಾಸಿಟಿವ್ ಬಂತು. ನಾನು ಮನೆಯ ಚಾವಡಿಯಲ್ಲೇ ಮಲಗಿದೆ. ಅತ್ತೆ ಗಂಜಿ, ಉಪ್ಪಿನಕಾಯಿ ಜಗಲಿಯಲ್ಲಿಟ್ಟು ದೂರ ಹೋಗಿ ಕೂಗುತ್ತಿದ್ದರು. ಹೆದರಿಕೆ ಆಗಲಿಲ್ಲ ಎಂದು ಹೇಳಲಾರೆ. ಆಗಸ್ಟ್ 7ಕ್ಕೆ ಅದೇ ವಂದೇ ಭಾರತ್‌ನ ದುಬೈ ವಿಮಾನವೊಂದು ಕೇರಳದ ಕೋಯಿಕ್ಕೋಡಿನಲ್ಲಿ ಜಾರಿ ಬಿದ್ದು, ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ತೀರಿಕೊಂಡರು. ಅಲ್ಲಿನದ್ದೂ ನಮ್ಮದರ ಹಾಗೆ ಟೇಬಲ್‌ಟಾಪ್ ರನ್‌ವೇ, ಅಂದರೆ ಗುಡ್ಡದ ತಲೆಯ ಮೇಲಿನದು, ತುದಿ ದಾಟಿದರೆ ಇಳಿಜಾರು. 2010ರ ಮೇ 22ರಂದು ಇದೇ ಬಜ್ಪೆಯಲ್ಲಿ ವಿಮಾನ ದುರಂತಕ್ಕೆ 158 ಜೀವ ಹೋದದ್ದನ್ನು ಕಂಡ ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಮರುದಿನದ ಡ್ಯೂಟಿಗೆ ಹೋದೆವು.

ಇನ್ನು ಹಾರಾಟ ಕಡಿಮೆಯಾಗಿ ಸಂಬಳ ಅರ್ಧಕ್ಕೆ ಇಳಿದ ಕಾಲ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. 2021ರಲ್ಲಿ ಲಸಿಕೆ ಬಂತು. ರಜೆಗೆ ಊರಿಗೆ ಬಂದು ಸಿಕ್ಕಿಕೊಂಡ ಗಲ್ಫಿನವರಿಗೆ ವೀಸಾ ಮುಗಿಯುವ ಮೊದಲು ಎರಡನೇ ಡೋಸ್ ಬೇಕು, ಕೋವಿಶೀಲ್ಡ್ ಲಸಿಕೆಯ ಎರಡು ಡೋಸ್‌ಗಳ ಅಂತರ ಆಗ 84 ದಿನ. ವಿದೇಶದ ಕೆಲಸಕ್ಕೆ, ಓದಿಗೆ ಹೋಗುವವರು 28 ದಿನ ಕಳೆದ ಮೇಲೆ ಹಾಕಿಸಿಕೊಳ್ಳಬಹುದು ಎಂದು ಸರ್ಕಾರ ಜೂನ್‌ನಲ್ಲಿ ಹೇಳಿತು. ಲಸಿಕೆಯ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ನಂಬರ್ ಜೋಡಿಸಬೇಕಿತ್ತು. ಆಧಾರ್ ಕಾರ್ಡಿನಲ್ಲಿ ಒಂದು ಸ್ಪೆಲ್ಲಿಂಗ್, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಮುಗಿಯಿತು, ತಿದ್ದಿಸಲು ಓಡಾಟ. ಆಮೇಲೆ ಯುಎಇಗೆ ಹೋಗುವವರಿಗೆ ನಿಲ್ದಾಣದಲ್ಲೇ ರ್‍ಯಾಪಿಡ್ ಪಿಸಿಆರ್ ಎಂಬ ಕೊರೊನಾ ಪರೀಕ್ಷೆ ಕೂಡ ಬಂತು. ಹೆಸರು, ದಾಖಲೆ ತಾಳೆ ನೋಡುವುದು ಚೆಕ್‌ಇನ್ ಕೌಂಟರಿನ ನಮಗೆ ನಿತ್ಯದ ಕೆಲಸ. ನಾವು ನಾಲ್ವರು ಸಂಜೆ ಹೊತ್ತು ಫೋನಿನಲ್ಲಿ ಕೂತು ಇದನ್ನೇ ಮಾಡಿದೆವು. ಗುರುಪುರದ ಒಬ್ಬರಿಗೆ ವೀಸಾ ಮುಗಿಯಲು ಒಂಬತ್ತು ದಿನ ಇತ್ತು. ಅವರು ವಿಮಾನ ಹತ್ತಿದ ದಿನ ನನಗೆ ಸಂಬಳ ಬಂದಷ್ಟೇ ಸಂತೋಷವಾಯಿತು.

ಬೇರೆ ದೇಶಗಳಲ್ಲೂ ಇದೇ ನಡೆದಿದೆ. ಕೆಲಸವಿಲ್ಲದೆ ಕೂತ ಕ್ಯಾಬಿನ್ ಸಿಬ್ಬಂದಿಗೆ ಸ್ಟಾಕ್‌ಹೋಮಿನಲ್ಲಿ ಮೂರು ದಿನದ ತರಬೇತಿ ಕೊಟ್ಟು ಆಸ್ಪತ್ರೆಯ ಸಹಾಯಕ್ಕೆ ಕಳುಹಿಸಿದರು. ಬ್ರಿಟನ್ನಿನಲ್ಲಿ ಪ್ರಾಜೆಕ್ಟ್ ವಿಂಗ್‌ಮ್ಯಾನ್ ಹೆಸರಿನಲ್ಲಿ ವಿಮಾನ ಸಿಬ್ಬಂದಿ ಆಸ್ಪತ್ರೆಗಳಲ್ಲಿ ಕೋಣೆ ತೆರೆದು, ದಣಿದು ಬಂದ ನರ್ಸ್‌ಗಳಿಗೆ ಚಹಾ ಕೊಟ್ಟು ಅವರ ಮಾತು ಕೇಳಿದರು. ನಮ್ಮಲ್ಲಿ ಲಾಕ್‌ಡೌನ್ ಹೊತ್ತಿನ ಸರ್ಕಾರಿ ಸಾಗಾಟ ಯೋಜನೆಯಾದ ಲೈಫ್‌ಲೈನ್ ಉಡಾನ್‌ನ ವಿಮಾನಗಳು ಔಷಧ, ಟೆಸ್ಟ್ ಕಿಟ್ ಹೊತ್ತವು. ತುಂಬಿದ ಆಮ್ಲಜನಕದ ಟ್ಯಾಂಕರನ್ನು ವಿಮಾನದಲ್ಲಿ ಒಯ್ಯುವುದು ಅಪಾಯ, ಹಾಗಾಗಿ 2021ರಲ್ಲಿ ವಾಯುಪಡೆಯವರು ಖಾಲಿ ಟ್ಯಾಂಕರ್‌ಗಳನ್ನೇ ಹಾರಿಸಿ ಆಮ್ಲಜನಕ ತುಂಬುವ ಜಾಗಕ್ಕೆ ಮುಟ್ಟಿಸಿದರು.

ಇದು ಕೊರೊನಾಕ್ಕೆ ಹುಟ್ಟಿದ ಸಂಪ್ರದಾಯವೂ ಅಲ್ಲ. 1990ರಲ್ಲಿ ಕುವೈತಿನ ಮೇಲೆ ಇರಾಕ್ ಬಿದ್ದಾಗ ನನ್ನ ಸೋದರಮಾವ ಅಲ್ಲಿದ್ದರು. ಬಸ್ಸಿನಲ್ಲಿ ಬಾಗ್ದಾದ್ ದಾಟಿ ಅಮ್ಮಾನ್‌ಗೆ ಬಂದು, ಅಲ್ಲಿಂದ ಏರ್ ಇಂಡಿಯಾದಲ್ಲಿ ಬೊಂಬಾಯಿಗೆ ಬಂದರು. ಹಾಗೆ ಆಗ ಮರಳಿದವರು 1.7 ಲಕ್ಷದಷ್ಟು. ವಿಮಾನದಲ್ಲಿ ಕೊಟ್ಟ ಒಂದು ಲೋಟ ನೀರಿನ ಕಥೆಯನ್ನು ಮಾವ ಸಾಯುವವರೆಗೆ ಹೇಳುತ್ತಿದ್ದರು. ಕೊಟ್ಟ ಹುಡುಗಿಗೆ ಅದು ನೆನಪೇ ಇರಲಿಕ್ಕಿಲ್ಲ.

ನೀವು ಈಗಲೇ ಮಾಡಬಹುದಾದದ್ದು: ಕೋರ್ಸಿನಲ್ಲಿ ಪ್ರಥಮ ಚಿಕಿತ್ಸೆಯ ಪಾಠವನ್ನು ಪರೀಕ್ಷೆಗೆಂದು ಓದಬೇಡಿ, ಎದೆ ಒತ್ತುವ ಸಿಪಿಆರ್ ಕೈಗೆ ಬರುವವರೆಗೆ ಮಾಡಿ. ರೆಡ್ ಕ್ರಾಸ್‌ನಲ್ಲಿ ರಕ್ತದಾನಿಗಳ ಪಟ್ಟಿಗೆ ಹೆಸರು ಕೊಡಿ. ಉಡುಪಿಯವರಾದರೆ ತುಳು ಹೇಗೂ ಬರುತ್ತದೆ, ಕೊಂಕಣಿ ಸ್ವಲ್ಪ ಇರಬಹುದು. ಬ್ಯಾರಿಯನ್ನೂ ಕಲಿತುಕೊಳ್ಳಿ. ನಾನು ಆ ಲೋಡರ್ ಹುಡುಗನ ಹತ್ತಿರ ಈಗ ಕಲಿಯುತ್ತಿದ್ದೇನೆ.